ಹಾಫ್ ಕ್ಲಚ್ಚಿನ ಚರಿತ್ರೆ

ಕಳೆದ ಸೆಪ್ಟೆಂಬರಿನಲ್ಲಿ ನನ್ನ ಹಳೆಯ ಪಿಕಪ್ ಟ್ರಕ್ಕನ್ನು ಡೆನ್ವರಿನ ಒಂದು ಸಣ್ಣ ಗ್ಯಾರೇಜಿಗೆ ಒಯ್ದಿದ್ದೆ. ಹಿಂದೆ ಟ್ರೇಲರ್ ಕಟ್ಟಿಕೊಂಡು ಏರು ಹತ್ತುವಾಗ, ಎರಡನೇ ಗೇರಿನಿಂದ ಮೂರನೆಯದಕ್ಕೆ ಹೋಗುವ ಹೊತ್ತಿಗೆ ಎಂಜಿನ್ನಿನ ಸದ್ದು ಒಂದು ಕ್ಷಣ ಮೇಲೇರುತ್ತಿತ್ತು, ಗಾಡಿ ತೇಲಿದ ಹಾಗಾಗುತ್ತಿತ್ತು, ಆಮೇಲೆ ಗೇರ್ ಬೀಳುತ್ತಿತ್ತು. ಖಾಲಿ ಗಾಡಿಯಲ್ಲಿ ಇದು ಗೊತ್ತೇ ಆಗುತ್ತಿರಲಿಲ್ಲ. ಮೆಕ್ಯಾನಿಕ್ ಅರವತ್ತು ದಾಟಿದ ಮನುಷ್ಯ. ಒಂದು ಸುತ್ತು ಓಡಿಸಿಕೊಂಡು ಬಂದು ನನ್ನ ಮುಂದೆ ಮೂರು ದಾರಿ ಇಟ್ಟರು. ಹೀಗೇ ಓಡಿಸುವುದು, ಇಡೀ ಗೇರ್‌ಬಾಕ್ಸ್ ಬಿಚ್ಚಿಸಿ ಹೊಸದು ಮಾಡಿಸುವುದು, ಇಲ್ಲವೇ 'ಶಿಫ್ಟ್ ಕಿಟ್' ಹಾಕಿಸುವುದು. ಮೂರನೆಯದು ಅಗ್ಗ. ಕೆಲವು ಸ್ಪ್ರಿಂಗುಗಳು, ತೂತುಗಳನ್ನು ಬೇರೆ ಅಳತೆಗೆ ಕೊರೆದ ಒಂದು ತಗಡು, ಕೆಲವು ಗ್ಯಾಸ್ಕೆಟ್ಟುಗಳು, ಅಷ್ಟೇ. ಹಾಕಿದರೆ ಗೇರುಗಳು ಗಟ್ಟಿಯಾಗಿ ಬೀಳುತ್ತವೆ. "ಆದರೆ ನೆನಪಿಡಿ, ಬಿದ್ದದ್ದು ನಿಮಗೆ ಗೊತ್ತಾಗುತ್ತದೆ," ಅಂದರು.

ಆಟೊಮ್ಯಾಟಿಕ್ ಗಾಡಿಯ ಹೆಮ್ಮೆ ಇರುವುದೇ ಗೇರ್ ಬಿದ್ದದ್ದು ಗೊತ್ತಾಗದಿರುವುದರಲ್ಲಿ. ಅದನ್ನು ದುಡ್ಡು ಕೊಟ್ಟು ಕಳೆದುಕೊಳ್ಳುವುದು ಯಾಕೆ? ಎರಡು ವಾರ ಟೈಮು ಕೇಳಿದೆ. ಆ ಎರಡು ವಾರದಲ್ಲಿ ಈ ಯಂತ್ರದ ಹಿಂದಿನ ಕಥೆಯನ್ನು ಹುಡುಕಿಕೊಂಡು ಹೋದೆ. ಹಾಗೆ ಹೋಗಲು ಇನ್ನೊಂದು ಕಾರಣವೂ ಇತ್ತು.

ನಮ್ಮಪ್ಪ ಹಾಸನದಿಂದ ಮಂಗಳೂರಿಗೆ ಇಪ್ಪತ್ತೆರಡು ವರ್ಷ ಲಾರಿ ಓಡಿಸಿದವರು. ಶಿರಾಡಿ ಘಾಟಿಯನ್ನು ಲೋಡು ಹೊತ್ತು ಹತ್ತಿದವರು. ನನಗೆ ಗಾಡಿ ಕಲಿಸುವಾಗ ಅವರು ಬೈದದ್ದೆಲ್ಲ ಒಂದೇ ವಿಷಯಕ್ಕೆ. "ಹಾಫ್ ಕ್ಲಚ್ ಮೇಲೆ ಕಾಲಿಡ್ಬೇಡ್ವೋ! ಹಿಡ್ಕೊಂಡ್ರೆ ಪೂರ್ತಿ ಹಿಡ್ಕೊ, ಬಿಟ್ರೆ ಪೂರ್ತಿ ಬಿಡು. ಪ್ಲೇಟ್ ಸುಟ್ಟೋಗತ್ತೆ." ಅರ್ಧ ಒತ್ತಿದ ಕ್ಲಚ್ಚಿನಲ್ಲಿ ಗಾಡಿ ಜರ್ಕ್ ಹೊಡೆಯದೆ ಬೆಣ್ಣೆಯಂತೆ ಸಾಗುತ್ತದೆ. ಆ ಸುಖಕ್ಕೆ ಒಳಗೆ ಪ್ಲೇಟು ಉಜ್ಜಿ ಉಜ್ಜಿ ಸವೆಯುತ್ತಿರುತ್ತದೆ. ಕೆಲವು ವರ್ಷಗಳ ಹಿಂದೆ ಅವರು ಇಲ್ಲಿಗೆ ಬಂದಿದ್ದಾಗ ಇದೇ ಟ್ರಕ್ಕಿನಲ್ಲಿ ಪಕ್ಕ ಕೂತು ಬಹಳ ಹೊತ್ತು ಸುಮ್ಮನಿದ್ದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ: "ಗೇರ್ ಬಿತ್ತೋ ಇಲ್ವೋ ಗೊತ್ತೇ ಆಗಲ್ವಲ್ಲೋ. ಇದಕ್ಕೆ ಹಾಫ್ ಕ್ಲಚ್ ಹೊಡೆಯೋರು ಯಾರು?" ಆಗ ನಕ್ಕಿದ್ದೆ. ಗ್ಯಾರೇಜಿನಿಂದ ಮನೆಗೆ ಬರುವ ದಾರಿಯಲ್ಲಿ ಆ ಪ್ರಶ್ನೆ ಮತ್ತೆ ನೆನಪಾಯಿತು.

*

ಗೇರ್‌ಬಾಕ್ಸಿನ ಕಥೆ ಶುರುವಾಗುವುದೇ ಒರಟುತನದಿಂದ. 1890ರ ದಶಕದಲ್ಲಿ ಫ್ರಾನ್ಸಿನ ಪನಾರ್ ಲೆವಾಸೋರ್ ಕಂಪನಿಯ ಎಮಿಲ್ ಲೆವಾಸೋರ್, ಒಂದು ಶಾಫ್ಟಿನ ಮೇಲೆ ಹಲ್ಲಿನ ಚಕ್ರಗಳನ್ನು ಸರಿಸಿ ಇನ್ನೊಂದು ಶಾಫ್ಟಿನ ಚಕ್ರಗಳಿಗೆ ಕಚ್ಚಿಸುವ ವ್ಯವಸ್ಥೆಯನ್ನು ಕಾರಿಗೆ ತಂದರು. ತಿರುಗುವ ಹಲ್ಲುಗಳು ಪರಸ್ಪರ ಸಿಗುವಾಗ ಕಟಕಟ ಸದ್ದು. ಅದನ್ನು ಕೇಳಿದವರಿಗೆ ಲೆವಾಸೋರ್ "ಒರಟು ನಿಜ, ಆದರೆ ನಡೆಯುತ್ತದೆ" ಎಂಬರ್ಥದ ಮಾತು ಹೇಳಿದರೆಂದು ಪ್ರತೀತಿ. ಹಳೆಯ ಲಾರಿಗಳಲ್ಲಿ ನಮ್ಮ ಡ್ರೈವರುಗಳು ಹೊಡೆಯುತ್ತಿದ್ದ ಡಬಲ್ ಕ್ಲಚ್ ಈ ಒರಟುತನವನ್ನು ಪಳಗಿಸುವ ವಿದ್ಯೆಯೇ. ನ್ಯೂಟ್ರಲ್ಲಿಗೆ ತಂದು ಒಮ್ಮೆ ಕ್ಲಚ್ ಬಿಟ್ಟು, ಎರಡು ಚಕ್ರಗಳ ವೇಗ ಸಮವಾಗುವ ಕ್ಷಣವನ್ನು ಕಿವಿಯಿಂದಲೇ ಹಿಡಿದು ಗೇರ್ ಹಾಕುವುದು.

ಆ ಕಿವಿಯ ಕೆಲಸವನ್ನು ಯಂತ್ರಕ್ಕೆ ವಹಿಸಿದವರು ಅಮೆರಿಕದ ಅರ್ಲ್ ಥಾಂಪ್ಸನ್. ಅವರ ಸಿಂಕ್ರೊಮೆಶ್ 1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಬಂತು. ಹಲ್ಲುಗಳು ಕಚ್ಚುವ ಮೊದಲು ಒಂದು ಶಂಕುವಿನಾಕಾರದ ಉಂಗುರ ಉಜ್ಜಿ ವೇಗವನ್ನು ಸಮ ಮಾಡುತ್ತದೆ. ಅದೇ ಥಾಂಪ್ಸನ್ ಮುಂದೆ ಜನರಲ್ ಮೋಟಾರ್ಸ್‌ನಲ್ಲಿ ಒಂದು ತಂಡ ಕಟ್ಟಿಕೊಂಡು ಕ್ಲಚ್ ಪೆಡಲನ್ನೇ ತೆಗೆದುಹಾಕಲು ಹೊರಟರು. 1940ರ ಮಾಡೆಲಿನ ಓಲ್ಡ್ಸ್‌ಮೊಬೀಲ್ ಕಾರಿಗೆ 57 ಡಾಲರ್ ಹೆಚ್ಚು ಕೊಟ್ಟರೆ 'ಹೈಡ್ರಾ-ಮ್ಯಾಟಿಕ್' ಸಿಗುತ್ತಿತ್ತು. ದೊಡ್ಡ ಪ್ರಮಾಣದಲ್ಲಿ ತಯಾರಾಗಿ ಜನರ ಕೈಗೆ ಬಂದ ಮೊದಲ ಪೂರ್ಣ ಆಟೊಮ್ಯಾಟಿಕ್ ಇದು.

ಅದರೊಳಗೆ ಎರಡು ಗ್ರಹಚಕ್ರಗಳ ಜೋಡಣೆ. ನಡುವೆ ಒಂದು ಸೂರ್ಯ, ಸುತ್ತ ಸುತ್ತುವ ಗ್ರಹಗಳು, ಹೊರಗೆ ಒಂದು ಬಳೆ. ಇದರಲ್ಲಿ ಹಲ್ಲುಗಳು ಯಾವಾಗಲೂ ಕಚ್ಚಿಕೊಂಡೇ ಇರುತ್ತವೆ. ಯಾವ ಭಾಗವನ್ನು ಹಿಡಿದು ನಿಲ್ಲಿಸುತ್ತೇವೆ, ಯಾವುದನ್ನು ಬಿಡುತ್ತೇವೆ ಎಂಬುದರ ಮೇಲೆ ಗೇರ್ ಬದಲಾಗುತ್ತದೆ. ಹಿಡಿಯಲು ಪಟ್ಟಿಗಳು ಮತ್ತು ಕ್ಲಚ್ ಪ್ಲೇಟುಗಳು. ಅವುಗಳನ್ನು ಒತ್ತುವುದು ಕಾಲಿನ ಬದಲು ಎಣ್ಣೆಯ ಒತ್ತಡ. ಹಾಗಾಗಿ ಆಟೊಮ್ಯಾಟಿಕ್ ಗಾಡಿಯಲ್ಲಿ ಕ್ಲಚ್ ಇಲ್ಲವೆಂದು ನಾವು ಹೇಳುವುದು ಅರ್ಧ ಸತ್ಯ. ಇಲ್ಲದಿರುವುದು ಪೆಡಲ್ ಮಾತ್ರ. ಕ್ಲಚ್ಚುಗಳು ಒಂದಲ್ಲ, ಹಲವು ಇವೆ.

ಹೈಡ್ರಾ-ಮ್ಯಾಟಿಕ್ ನಯವಾಗಿರಲಿಲ್ಲ. ಅದರ ಕಷ್ಟ ಎರಡರಿಂದ ಮೂರಕ್ಕೆ ಹೋಗುವಲ್ಲಿತ್ತು. ಎರಡನೇ ಗೇರಿನಲ್ಲಿ ಮುಂದಿನ ಜೋಡಣೆ ನೇರವಾಗಿ, ಹಿಂದಿನದು ವೇಗ ತಗ್ಗಿಸಿ ಓಡುತ್ತಿತ್ತು. ಮೂರನೆಯದರಲ್ಲಿ ಇದು ಪೂರ್ತಿ ಉಲ್ಟಾ. ಅಂದರೆ ಒಂದೇ ಕ್ಷಣದಲ್ಲಿ ಎರಡು ಕಡೆ ಬಿಡಬೇಕು, ಎರಡು ಕಡೆ ಹಿಡಿಯಬೇಕು. ಸ್ವಲ್ಪ ಮುಂಚೆ ಹಿಡಿದರೆ ಗಾಡಿ ಮುಗ್ಗರಿಸುತ್ತದೆ, ಸ್ವಲ್ಪ ತಡವಾದರೆ ಎಂಜಿನ್ ಕೂಗುತ್ತದೆ. ನನ್ನ ಟ್ರಕ್ಕಿನ ಒಳಗಿನ ವಿನ್ಯಾಸ ಬೇರೆ, ಆದರೂ ಇದನ್ನು ಓದಿದಾಗ ಅದರ ಎರಡು-ಮೂರರ ನಡುವಿನ ಕೂಗು ಹಳೆಯ ಮನೆತನದ ಕಾಯಿಲೆಯಂತೆ ಕಂಡಿತು.

ಜರ್ಕ್ ಇದ್ದರೂ ಅದು ಗಟ್ಟಿ ಯಂತ್ರ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಎಂ5 ಹಗುರ ಟ್ಯಾಂಕಿಗೆ ಎರಡು ಕ್ಯಾಡಿಲಾಕ್ ವಿ-8 ಎಂಜಿನ್ನುಗಳನ್ನೂ ಎರಡು ಹೈಡ್ರಾ-ಮ್ಯಾಟಿಕ್‌ಗಳನ್ನೂ ಕೂರಿಸಿದರು. ಆಮೇಲೆ ಬಂದ ಎಂ24 ಟ್ಯಾಂಕಿನಲ್ಲೂ ಹಾಗೇ. ಯುದ್ಧ ಮುಗಿದ ಮೇಲೆ ಕಂಪನಿ ತನ್ನ ಜಾಹೀರಾತುಗಳಲ್ಲಿ ಇದನ್ನು ಹೇಳಿಕೊಳ್ಳದೆ ಬಿಡಲಿಲ್ಲ.

*

ಆದರೆ ಯುದ್ಧ ಮುಗಿಸಿ ಬಂದ ಅಮೆರಿಕಕ್ಕೆ ಬೇಕಾಗಿದ್ದದ್ದು ಆರಾಮ. 1948ರಲ್ಲಿ ಬ್ಯೂಯಿಕ್ 'ಡೈನಾಫ್ಲೋ' ತಂದಿತು. ಡ್ರೈವಿನಲ್ಲಿಟ್ಟರೆ ಅದು ಗೇರ್ ಬದಲಿಸುತ್ತಲೇ ಇರಲಿಲ್ಲ! ಎಲ್ಲ ಕೆಲಸ ಟಾರ್ಕ್ ಕನ್ವರ್ಟರಿನದು. ಅದರ ಮೂಲ 1905ರಷ್ಟು ಹಳೆಯದು. ಜರ್ಮನಿಯ ಎಂಜಿನಿಯರ್ ಹರ್ಮನ್ ಫಟಿಂಗರ್ ಹಡಗುಗಳಿಗಾಗಿ ಅದನ್ನು ರೂಪಿಸಿ ಪೇಟೆಂಟ್ ಪಡೆದಿದ್ದರು. ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳನ್ನು ನೆನೆಸಿಕೊಳ್ಳಿ. ಒಂದಕ್ಕೆ ಕರೆಂಟು ಕೊಟ್ಟರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಗಾಳಿಯ ಬದಲು ಎಣ್ಣೆ ಇಟ್ಟು, ಹಿಂತಿರುಗುವ ಎಣ್ಣೆಯ ದಿಕ್ಕು ತಿದ್ದಲು ನಡುವೆ ಇನ್ನೊಂದು ಚಕ್ರ ಇಟ್ಟರೆ, ತಳ್ಳುವ ಬಲ ಹೆಚ್ಚುತ್ತದೆ. ಲೋಹ ಲೋಹವನ್ನು ಹಿಡಿಯುವುದೇ ಇಲ್ಲ. ಎಲ್ಲವೂ ದ್ರವದ ಮೂಲಕ.

ಡೈನಾಫ್ಲೋ ಕಾರು ಹಂಸದ ಹಾಗೆ ಸಾಗುತ್ತಿತ್ತು. ನಿಧಾನವಾಗಿಯೂ ಸಾಗುತ್ತಿತ್ತು. ಎಂಜಿನ್ ಕೊಟ್ಟದ್ದರಲ್ಲಿ ಒಂದು ಪಾಲು ಎಣ್ಣೆ ಕಲಕುವುದರಲ್ಲೇ ಬಿಸಿಯಾಗಿ ಕಳೆದುಹೋಗುತ್ತಿತ್ತು. ಕಾರು ಪ್ರಿಯರು ಅದಕ್ಕೆ 'ಡೈನಾಸ್ಲಶ್' ಎಂದು ಅಡ್ಡಹೆಸರಿಟ್ಟರು. ಕೆಸರಿನಲ್ಲಿ ಹೋದ ಹಾಗೆ ಎಂಬರ್ಥದಲ್ಲಿ. ಪೆಟ್ರೋಲ್ ಅಗ್ಗವಾಗಿದ್ದ ಕಾಲ, ಕೊಳ್ಳುವವರು ಕೊಂಡರು.

ಎರಡು ಮನೋಧರ್ಮಗಳು ಹೀಗೆ ಒಂದೇ ಕಂಪನಿಯ ಸೂರಿನಡಿ ಬೆಳೆಯುತ್ತಿದ್ದಾಗ ಒಂದು ಅನಾಹುತವಾಯಿತು. 1953ರ ಆಗಸ್ಟ್ 12ರಂದು ಮಿಷಿಗನ್ ರಾಜ್ಯದ ಲಿವೋನಿಯಾದಲ್ಲಿದ್ದ ಹೈಡ್ರಾ-ಮ್ಯಾಟಿಕ್ ಕಾರ್ಖಾನೆ, ವೆಲ್ಡಿಂಗ್ ಟಾರ್ಚಿನ ಕಿಡಿಯಿಂದ ಹೊತ್ತಿಕೊಂಡು ಪೂರ್ತಿ ಸುಟ್ಟುಹೋಯಿತು. ಕಾರುಗಳ ತಯಾರಿಕೆ ನಿಲ್ಲಬಾರದೆಂದು ಕ್ಯಾಡಿಲಾಕ್, ಓಲ್ಡ್ಸ್‌ಮೊಬೀಲ್‌ಗಳಿಗೆ ಬ್ಯೂಯಿಕ್‌ನ ಡೈನಾಫ್ಲೋವನ್ನೂ, ಪಾಂಟಿಯಾಕ್‌ಗೆ ಶೆವ್ರೊಲೆಯ ಎರಡು ಗೇರಿನ ಪವರ್‌ಗ್ಲೈಡನ್ನೂ ಹೊಂದಿಸಿ ಕೊಟ್ಟರು. ಯುದ್ಧಕಾಲದಲ್ಲಿ ಬಾಂಬರ್ ವಿಮಾನಗಳನ್ನು ತಯಾರಿಸಿದ್ದ ವಿಲೋ ರನ್ ಕಾರ್ಖಾನೆಯನ್ನು ಹಿಡಿದು ಹೈಡ್ರಾ-ಮ್ಯಾಟಿಕ್ ಮತ್ತೆ ಶುರುಮಾಡಿದರು. ಆ ಕೆಲವು ತಿಂಗಳಲ್ಲಿ ತಯಾರಾದ ಕಾರುಗಳಲ್ಲಿ ಹೊರಗಿನ ಹೆಸರು ಒಂದು, ಒಳಗಿನ ಸ್ವಭಾವ ಇನ್ನೊಂದು.

1956ರಲ್ಲಿ ಹೈಡ್ರಾ-ಮ್ಯಾಟಿಕ್ ಕೂಡ ನಯದ ದಾರಿ ಹಿಡಿಯಿತು. ಮುಂದಿನ ಕ್ಲಚ್ಚನ್ನು ತೆಗೆದು ಆ ಜಾಗದಲ್ಲಿ ಇನ್ನೊಂದು ಪುಟ್ಟ ದ್ರವ ಜೋಡಣೆ ಇಟ್ಟರು. ಹಿಡಿಯಬೇಕಾದಾಗ ಅದರೊಳಗೆ ಎಣ್ಣೆ ತುಂಬುವುದು, ಬಿಡಬೇಕಾದಾಗ ಖಾಲಿ ಮಾಡುವುದು. ಜರ್ಕ್ ಕಡಿಮೆಯಾಯಿತು, ಜಟಿಲತೆ ಹೆಚ್ಚಿತು. ಇದೇ ದಶಕದಲ್ಲಿ ಕ್ಯಾಲಿಫೋರ್ನಿಯದ ಡ್ರ್ಯಾಗ್ ರೇಸಿನ ಹುಡುಗರು ವಿರುದ್ಧ ದಿಕ್ಕಿಗೆ ನಡೆದಿದ್ದರು. ಬಿ ಅಂಡ್ ಎಂ ಎಂಬ ಸಣ್ಣ ಅಂಗಡಿ ಹಳೆಯ ಹೈಡ್ರಾ-ಮ್ಯಾಟಿಕ್‌ಗಳನ್ನು ಬಿಚ್ಚಿ, ರೇಸಿಗೆ ತಕ್ಕಂತೆ ತಿದ್ದಿ, ಫಟ್ಟನೆ ಗೇರ್ ಬೀಳುವಂತೆ ಮಾಡಿ ಮಾರುತ್ತಿತ್ತು. ಅವರಿಗೆ ಗೇರುಗಳ ನಡುವಿನ ತೇಲಾಟವೆಂದರೆ ಕಳೆದುಹೋದ ಸಮಯ. ನನ್ನ ಮುಂದಿದ್ದ ಶಿಫ್ಟ್ ಕಿಟ್ಟಿನ ಹಿರಿಯರು ಇವರೇ.

*

ಕಾರ್ಖಾನೆಯಿಂದ ಬರುವ ಗಾಡಿಯಲ್ಲಿ ನಯವನ್ನು ತಯಾರಿಸುವುದು ಹೇಗೆ ಎಂಬುದು ನನಗೆ ಎಲ್ಲಕ್ಕಿಂತ ಕುತೂಹಲದ ಸಂಗತಿಯಾಯಿತು. ಕ್ಲಚ್ಚಿಗೆ ಹೋಗುವ ಎಣ್ಣೆ ಒಂದು ತಗಡಿನ ಸಣ್ಣ ತೂತಿನ ಮೂಲಕ ಹಾಯಬೇಕು. ಜೊತೆಗೆ ಆ ದಾರಿಯಲ್ಲಿ ಒಂದು ಪುಟ್ಟ ಸಿಲಿಂಡರ್, ಅದರೊಳಗೆ ಸ್ಪ್ರಿಂಗಿಗೆ ಒರಗಿದ ಪಿಸ್ಟನ್. ಅದರ ಹೆಸರು ಅಕ್ಯುಮುಲೇಟರ್. ಎಣ್ಣೆ ನುಗ್ಗಿದಾಗ ಈ ಪಿಸ್ಟನ್ ಹಿಂದೆ ಸರಿದು ಒಂದಷ್ಟು ಒತ್ತಡವನ್ನು ತಾನು ನುಂಗಿಕೊಳ್ಳುತ್ತದೆ. ಹಾಗಾಗಿ ಪ್ಲೇಟುಗಳು ಒಮ್ಮೆಲೇ ಕಚ್ಚದೆ, ಜಾರುತ್ತಾ ಜಾರುತ್ತಾ ಹಿಡಿಯುತ್ತವೆ. ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಾಫ್ ಕ್ಲಚ್ ಹೊಡೆಯುವುದು ಈ ಪಿಸ್ಟನ್. ಅದೂ ಪ್ರತಿ ಗೇರಿಗೂ, ಎಂಜಿನಿಯರರು ಲೆಕ್ಕ ಹಾಕಿ ಕೊಟ್ಟಷ್ಟು ಹೊತ್ತು.

ಶಿಫ್ಟ್ ಕಿಟ್ ಮಾಡುವುದು ಆ ಹೊತ್ತನ್ನು ಮೊಟಕು ಮಾಡುವುದು. ತೂತು ದೊಡ್ಡದು, ಸ್ಪ್ರಿಂಗ್ ಬಿರುಸು, ಎಣ್ಣೆಯ ಒತ್ತಡ ಸ್ವಲ್ಪ ಹೆಚ್ಚು. ಜಾರುವಾಗಲೂ ಎಂಜಿನ್ ತಳ್ಳುತ್ತಲೇ ಇರುವುದರಿಂದ, ಜಾರುವ ಹೊತ್ತು ಉದ್ದವಾದಷ್ಟೂ ಪ್ಲೇಟಿಗೆ ಬಿಸಿ ಹೆಚ್ಚು. ಹಿಂದೆ ಭಾರ ಕಟ್ಟಿದ್ದರೆ ಇನ್ನೂ ಹೆಚ್ಚು. ಬಿಸಿಯಿಂದ ಎಣ್ಣೆ ಕಪ್ಪಾಗುತ್ತದೆ, ಕಪ್ಪಾದ ಎಣ್ಣೆಯಲ್ಲಿ ಪ್ಲೇಟು ಇನ್ನಷ್ಟು ಜಾರುತ್ತದೆ.

ನಯಕ್ಕೆ ಬೆಲೆ ತೆತ್ತದ್ದು ಪ್ಲೇಟುಗಳು ಮಾತ್ರವಲ್ಲ. ಜಾರಿಕೆಯ ಕೊನೆಯ ಕ್ಷಣದಲ್ಲಿ ಪ್ಲೇಟುಗಳು ತಟ್ಟನೆ ಅಂಟಿಕೊಂಡರೆ ಜರ್ಕ್ ಬರುತ್ತದೆ. ಅದನ್ನು ತಪ್ಪಿಸಲು ಎಣ್ಣೆಗೆ ಘರ್ಷಣೆಯನ್ನು ಹದಗೊಳಿಸುವ ಪದಾರ್ಥವೊಂದನ್ನು ಬೆರೆಸುತ್ತಿದ್ದರು. ದಶಕಗಳ ಕಾಲ ಆ ಪದಾರ್ಥ ಬರುತ್ತಿದ್ದದ್ದು ಸ್ಪರ್ಮ್ ತಿಮಿಂಗಿಲದ ಎಣ್ಣೆಯಿಂದ. ಅಮೆರಿಕದ ಹೆದ್ದಾರಿಗಳಲ್ಲಿ ಗೇರುಗಳು ಸದ್ದಿಲ್ಲದೆ ಬದಲಾಗಲು ಸಮುದ್ರದಲ್ಲಿ ಬೇಟೆ ನಡೆಯುತ್ತಿತ್ತು. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಕಾನೂನುಗಳು ತಿಮಿಂಗಿಲದ ಉತ್ಪನ್ನಗಳ ಬಾಗಿಲು ಮುಚ್ಚಿದ ಮೇಲೆ ಎಣ್ಣೆ ಕಂಪನಿಗಳು ಬದಲಿ ರಸಾಯನಗಳನ್ನು ಹುಡುಕಬೇಕಾಯಿತು. ಅದೇ ಕಾಲದಲ್ಲಿ ಫೋರ್ಡ್ ಕಂಪನಿ 'ಟೈಪ್ ಎಫ್' ಎಂಬ ಬೇರೆ ಎಣ್ಣೆ ಬಳಸುತ್ತಿತ್ತು. ಅದರಲ್ಲಿ ಹೀಗೆ ಹದಗೊಳಿಸುವ ಪದಾರ್ಥವಿರಲಿಲ್ಲ, ಆದ್ದರಿಂದ ಪ್ಲೇಟು ಬೇಗ ಗಟ್ಟಿಯಾಗಿ ಕಚ್ಚುತ್ತಿತ್ತು. ಜನರಲ್ ಮೋಟಾರ್ಸ್ ಗಾಡಿಗಳ ರೇಸ್ ಹುಚ್ಚಿನವರು ಆ ಎಣ್ಣೆಯನ್ನು ತಂದು ತಮ್ಮ ಗೇರ್‌ಬಾಕ್ಸಿಗೆ ಸುರಿಯುತ್ತಿದ್ದರು. ನಯವೋ ಗಟ್ಟಿಯೋ ಎಂಬ ವಾದ ಎಣ್ಣೆಯ ಡಬ್ಬದೊಳಕ್ಕೂ ಇಳಿದಿತ್ತು.

ಇಷ್ಟು ಓದಿಕೊಂಡ ಮೇಲೆ ನಾನು ಶಿಫ್ಟ್ ಕಿಟ್ಟಿನ ಕಡೆ ಪೂರ್ತಿ ವಾಲಿದ್ದೆ. ನಯವೆಂದರೆ ಷೋರೂಮಿನ ಹತ್ತು ನಿಮಿಷಕ್ಕೆ ಮಾಡಿದ ಅಲಂಕಾರ, ಅದರ ಬಿಲ್ಲು ಹತ್ತು ವರ್ಷದ ಮೇಲೆ ಎರಡನೇ ಮಾಲೀಕನ ಕೈಗೆ ಬರುತ್ತದೆ ಎಂದು ಮನಸ್ಸಿನಲ್ಲೇ ತೀರ್ಪು ಬರೆದಿದ್ದೆ. ಆದರೆ ತೀರ್ಪಿಗೆ ಇನ್ನೊಂದು ಪಕ್ಷವಿದೆ. ಗೇರ್ ಗಟ್ಟಿಯಾಗಿ ಬಿದ್ದಾಗ ಆ ಪೆಟ್ಟು ಎಲ್ಲಿಗೋ ಹೋಗಲೇಬೇಕು. ಕ್ಲಚ್ ಪ್ಲೇಟು ಬಿಸಿಯಾಗಿ ಮಾಡಿಕೊಂಡು ನುಂಗುತ್ತಿದ್ದುದನ್ನು ಈಗ ಶಾಫ್ಟು, ಅದರ ತುದಿಯ ಜಾಯಿಂಟು, ಹಿಂದಿನ ಡಿಫರೆನ್ಷಿಯಲ್ಲಿನ ಹಲ್ಲುಗಳು ಹಂಚಿಕೊಳ್ಳಬೇಕು. ಅಕ್ಯುಮುಲೇಟರ್ ಇಟ್ಟ ಎಂಜಿನಿಯರ್ ದಡ್ಡನಲ್ಲ. ಅವನು ಒಂದು ಭಾಗವನ್ನು ಸವೆಸಿ ಉಳಿದ ಭಾಗಗಳನ್ನು ಕಾಯುತ್ತಿದ್ದ. ಕ್ಲಚ್ ಪೆಡಲ್ ಹೋದದ್ದರಿಂದ, ಎಡಗಾಲಿಗೆ ಶಕ್ತಿಯಿಲ್ಲದ ಎಷ್ಟೋ ಜನ ಸ್ವತಂತ್ರವಾಗಿ ಗಾಡಿ ಓಡಿಸುವಂತಾಯಿತು ಎಂಬುದನ್ನೂ ಮರೆಯಬಾರದು.

1973ರ ತೈಲ ಬಿಕ್ಕಟ್ಟು ಈ ಜಗಳವನ್ನು ಬೇರೆ ಕಡೆಗೆ ತಿರುಗಿಸಿತು. ಜಾರಿಕೆ ಎಂದರೆ ಪೋಲಾದ ಪೆಟ್ರೋಲ್ ಎಂಬ ಲೆಕ್ಕ ಈಗ ಸರ್ಕಾರಕ್ಕೂ ಬೇಕಾಯಿತು. 1978ರಲ್ಲಿ ಕ್ರೈಸ್ಲರ್ ಕಾರುಗಳ ಟಾರ್ಕ್ ಕನ್ವರ್ಟರಿನೊಳಗೇ ಒಂದು ಕ್ಲಚ್ ಬಂತು. ವೇಗ ಹಿಡಿದ ಮೇಲೆ ಅದು ಎರಡು ಫ್ಯಾನುಗಳನ್ನು ಬಿಗಿಯಾಗಿ ಒಂದಕ್ಕೊಂದು ಕಟ್ಟಿಬಿಡುತ್ತದೆ. ಆಮೇಲೆ ಕಂಪ್ಯೂಟರ್ ಬಂತು. ಗೇರ್ ಬದಲಾಗುವ ಕ್ಷಣದಲ್ಲಿ ಅದು ಎಂಜಿನ್ನಿಗೆ 'ಸ್ವಲ್ಪ ತಾಳು' ಎಂದು ಹೇಳುತ್ತದೆ. ಕಿಡಿ ಹಾರುವ ಹೊತ್ತನ್ನು ಕೊಂಚ ತಡಮಾಡಿ ಎಳೆತ ತಗ್ಗಿಸುತ್ತದೆ. ಪ್ಲೇಟು ಬೇಗ ಕಚ್ಚಿದರೂ ಜರ್ಕ್ ಹೊಡೆಯುವುದಿಲ್ಲ. ಅಪ್ಪ ಗೇರ್ ಬದಲಿಸುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದರಲ್ಲ, ಅದೇ ವಿದ್ಯೆ. ಒಳ್ಳೆಯ ಡ್ರೈವರ್ ಮೊದಲಿನಿಂದಲೂ ಮಾಡುತ್ತಿದ್ದುದನ್ನು ಯಂತ್ರ ಕಲಿಯಲು ಸುಮಾರು ಅರ್ಧ ಶತಮಾನ ಹಿಡಿಯಿತು.

*

ನನ್ನ ಟ್ರಕ್ಕು ಆ ಕಂಪ್ಯೂಟರು ಕಣ್ಣುಬಿಡುತ್ತಿದ್ದ ಕಾಲದ್ದು. ನಾಲ್ಕೇ ಗೇರು. ಇಲ್ಲಿನ ಕನ್ನಡ ಗೆಳೆಯರ ಬೇಸಿಗೆ ಶಿಬಿರಕ್ಕೆ ಪಾತ್ರೆ, ಒಲೆ, ಮೇಜುಗಳನ್ನೆಲ್ಲ ಟ್ರೇಲರಿನಲ್ಲಿ ಹೇರಿಕೊಂಡು ಐ-70 ಹೆದ್ದಾರಿಯಲ್ಲಿ ಐಸನ್‌ಹೋವರ್ ಸುರಂಗದವರೆಗೆ ಹತ್ತಬೇಕು. ಸುರಂಗ ಇರುವುದು ಸುಮಾರು 3,400 ಮೀಟರ್ ಎತ್ತರದಲ್ಲಿ. ಗಾಳಿ ತೆಳು, ಎಂಜಿನ್ನಿಗೆ ಉಸಿರು ಸಾಲದು, ಗೇರು ಎರಡಕ್ಕೂ ಮೂರಕ್ಕೂ ಓಡಾಡುತ್ತಲೇ ಇರುತ್ತದೆ. ಓಡಾಡಿದ ಪ್ರತಿ ಸಲವೂ ಒಂದು ಹಾಫ್ ಕ್ಲಚ್. ನಡುದಾರಿಯಲ್ಲಿ ಗೇರ್‌ಬಾಕ್ಸ್ ಕೈಕೊಟ್ಟರೆ ಹಿಂದೆ ಅಡುಗೆ ಸಾಮಾನು, ಪಕ್ಕದಲ್ಲಿ ಮಕ್ಕಳು.

ಭಾನುವಾರ ಫೋನಿನಲ್ಲಿ ಅಪ್ಪನಿಗೆ ಎಲ್ಲ ಹೇಳಿದೆ. ತಿಮಿಂಗಿಲದ ಕಥೆಯನ್ನೂ ಹೇಳಿದೆ. ಅವರು ಕೇಳಿಸಿಕೊಂಡು, "ಅದೆಲ್ಲ ಸರಿ. ಪ್ಲೇಟ್ ಹೆಂಗಿದೆ ಅಂತ ನೋಡಿಸ್ದಾ ಮೊದ್ಲು?" ಅಂದರು.

ನೋಡಿಸಿರಲಿಲ್ಲ! ಎರಡು ವಾರ ಓದಿ ನಾನು ಕೇಳಿಕೊಳ್ಳದ ಪ್ರಶ್ನೆ ಅದು. ಪ್ಲೇಟು ಆಗಲೇ ಸುಟ್ಟಿದ್ದರೆ ಬಿರುಸು ಸ್ಪ್ರಿಂಗ್ ಅದನ್ನು ಬದುಕಿಸುವುದಿಲ್ಲ. ಶಿಫ್ಟ್ ಕಿಟ್ ಪಥ್ಯವೇ ಹೊರತು ಔಷಧಿಯಲ್ಲ. ಮರುದಿನ ಮೆಕ್ಯಾನಿಕ್ ಕೆಳಗಿನ ತಟ್ಟೆ ಬಿಚ್ಚಿದಾಗ ಪಕ್ಕದಲ್ಲೇ ನಿಂತಿದ್ದೆ. ಎಣ್ಣೆ ಕೆಂಪು ಬಿಟ್ಟು ಕಂದಾಗಿತ್ತು, ಆದರೆ ಸುಟ್ಟ ವಾಸನೆ ಇರಲಿಲ್ಲ. ತಳದ ಅಯಸ್ಕಾಂತದ ಮೇಲೆ ನುಣ್ಣನೆಯ ಬೂದು ಧೂಳು ಮಾತ್ರ, ಲೋಹದ ಚೂರುಗಳಿಲ್ಲ. ಅಕ್ಯುಮುಲೇಟರಿನ ಒಂದು ಪಿಸ್ಟನ್ ಬಿರುಕು ಬಿಟ್ಟು ಎಣ್ಣೆ ಸೋರಿಸುತ್ತಿತ್ತು. ಎರಡು-ಮೂರರ ನಡುವಿನ ಕೂಗಿಗೆ ಅದೇ ಕಾರಣ. ಹಾಫ್ ಕ್ಲಚ್ ಹೊಡೆಯುತ್ತಿದ್ದ ಕಾಲು ಮುರಿದಿತ್ತು.

ಪಿಸ್ಟನ್ ಬದಲಿಸಿದೆವು. ಕಿಟ್ಟಿನಲ್ಲಿ ಮೂರು ಹಂತಗಳಿದ್ದವು. ರೇಸಿನದು ಬೇಡ, ನಡುವಿನದೂ ಬೇಡ, ಭಾರ ಎಳೆಯುವವರಿಗೆಂದು ಇಟ್ಟ ಮೆದುವಾದ ಹಂತ ಸಾಕು ಅಂದೆ. ಉಳಿದ ಹಣದಲ್ಲಿ ಎಣ್ಣೆ ತಣಿಸುವ ಒಂದು ಕೂಲರ್ ಮುಂದೆ ಕೂರಿಸಿದರು. ಅದೇ ಹೆಚ್ಚು ಉಪಕಾರ ಮಾಡುತ್ತದೆ ಎಂದು ಅವರೇ ಹೇಳಿದರು.

ಅಕ್ಟೋಬರಿನಲ್ಲಿ ಟ್ರೇಲರ್ ಕಟ್ಟಿಕೊಂಡು ಘಾಟಿ ಹತ್ತಿದೆ. ಎರಡರಿಂದ ಮೂರಕ್ಕೆ ಹೋದಾಗ ಸೀಟಿನ ಬೆನ್ನು ಸಣ್ಣಗೆ ತಟ್ಟಿದಂತಾಯಿತು. ಹಿಂದಿನ ಸೀಟಿನಲ್ಲಿದ್ದ ಮಗಳು ಏನಾಯಿತು ಎಂದು ಕೇಳಿದಳು. "ಗೇರ್ ಬಿತ್ತು ಪುಟ್ಟಾ," ಅಂದೆ. ಅವಳು ಹುಟ್ಟಿದಾಗಿನಿಂದ ಈ ಗಾಡಿಯಲ್ಲೇ ಕೂತವಳು. ಗೇರ್ ಬೀಳುವುದು ಅಂದರೇನು ಎಂದು ಸುರಂಗ ಬರುವವರೆಗೂ ಹೇಳಬೇಕಾಯಿತು.